ಮೇಣದ ಕೊಳವೆಯ ಮಧ್ಯಾಹ್ನದ ಜ್ವರ

ಮೇಣದಬತ್ತಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಡಿಗ್ರಿಯಪ್ಪ ಎಂದೇ ಕರೆಯುತ್ತಿದ್ದರು. ಕರಗಿದ ಮೇಣ ತೊಟ್ಟಿಯಿಂದ ಅಚ್ಚಿನ ಕೋಣೆಯವರೆಗೆ ಉದ್ದನೆಯ ಕೊಳವೆಯಲ್ಲಿ ಹರಿಯಬೇಕು. ಕಾವು ಇಳಿದರೆ ಒಳಗೇ ಕಲ್ಲಾಗುತ್ತದೆ, ಏರಿದರೆ ಹಳದಿಗೆ ತಿರುಗುತ್ತದೆ. ಗಾಜಿನ ಕೋಣೆಯಲ್ಲಿ ಕುಳಿತು, ಪರದೆಯ ಮೇಲಿನ ಅಂಕಿಯನ್ನು ಕೂಸಿನ ಜ್ವರ ನೋಡುವ ತಾಯಿಯಂತೆ ನೋಡುತ್ತಿರುವುದೇ ಅವನ ಕೆಲಸ.

ಒಂದು ವಾರದಿಂದ ಆ ಕೂಸಿಗೆ ಏನೋ ಬಡಿದಿತ್ತು. ಬೆಳಗ್ಗೆಯೆಲ್ಲ ನೆಟ್ಟಗಿದ್ದ ಅಂಕಿ ಊಟದ ಹೊತ್ತು ಹತ್ತಿರವಾದಂತೆ ಕುಸಿಯುವುದು, ಕೊಳವೆ ತಣ್ಣಗಾಯಿತೆಂದು ಹೀಟರು ಮೈಮೇಲೆ ಬಂದಂತೆ ಉರಿಯುವುದು, ಬತ್ತಿಗಳೆಲ್ಲ ಕಾಮಾಲೆ ಹಿಡಿದು ಹೊರಬರುವುದು.

"ಇವತ್ತೂ ಹಳದಿ ಬಂತೋ, ನಾಳೆಯಿಂದ ನೀನು ಲೋಡಿಂಗಿಗೆ," ಎಂದರು ಸೂಪರ್‌ವೈಸರು. "ಪೆಟ್ಟಿಗೆ ಹೊರೋಕೆ ಡಿಗ್ರಿ ಗಿಗ್ರಿ ಏನೂ ಬೇಕಾಗಿಲ್ಲ."

ಮನೆಯ ಬಕೆಟ್ಟು ಎತ್ತಿದರೇ ಹಿಡಿದುಕೊಳ್ಳುವ ಸೊಂಟ ಡಿಗ್ರಿಯಪ್ಪನದು.

ಅಂದು ಅಂಕಿ ಇಳಿಯತೊಡಗಿದ್ದೇ ತಡ, ಸೂಪರ್‌ವೈಸರನ್ನೂ ಎಳೆದುಕೊಂಡು ಕೊಳವೆಯ ಗುಂಟ ಓಡಿದ. ಕಾವು ಅಳೆಯುವ ಸೆನ್ಸರ್ ಕಟ್ಟಿದ್ದ ಜಾಗದಲ್ಲಿ ಕೊಳವೆಯ ದಪ್ಪ ಹೊದಿಕೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಬಿಚ್ಚಿ ನೋಡಿದರೆ, ಸ್ಟೀಲಿನ ಊಟದ ಡಬ್ಬಿ! ಅವನದೇ!

ಹೋದ ವಾರವಷ್ಟೇ ಪ್ಯಾಕಿಂಗಿಗೆ ಸೇರಿದ್ದ ಹೆಂಡತಿ ಗದ್ದಲ ಕೇಳಿ ಬಂದಳು.

"ಏನೇ ಇದು?"

"ನಿಮ್ಮ ಊಟ. ತಣ್ಣಗಿದೆ ಅಂತ ದಿನಾ ಮುಖ ಊದಿಸ್ಕೊಳ್ತಿದ್ರಲ್ಲ. ಒಂದ್ವಾರದಿಂದ ಬಿಸಿಬಿಸಿ ತಿಂತಿದ್ದೀರಿ, ಹೇಗೆ ಬಿಸಿಯಾಯ್ತು ಅಂತ ಒಂದಿನ ಬಾಯಿಬಿಟ್ಟು ಕೇಳಿದ್ರಾ?"

"ಅಲ್ಲಮ್ಮಾ," ಸೂಪರ್‌ವೈಸರು ಹಣೆ ಚಚ್ಚಿಕೊಂಡರು, "ಸೆನ್ಸರ್ ತಲೆ ಮೇಲೇ ತಣ್ಣನೆ ಡಬ್ಬಿ ಕೂರಿಸಿದ್ರೆ, ಅದು ಕೊಳವೆ ಕಾವು ಹೇಳುತ್ತೋ, ಡಬ್ಬಿದೋ?"

"ಬೇರೆ ಜಾಗ ಎಲ್ಲಿತ್ತು ಸಾರ್?" ಎಂದವಳೇ ಹೊದಿಕೆ ಎತ್ತುತ್ತಾ ನಡೆದಳು. ಫಿಟ್ಟರನ ಡಬ್ಬಿ, ಎಲೆಕ್ಟ್ರಿಷಿಯನ್ನನದು, ಇಡೀ ಪ್ಯಾಕಿಂಗಿನದು. ಕೊನೆಗೆ ವಾಲ್ವಿನ ಪಕ್ಕ ಒಂದು ನೀಲಿ ಕ್ಯಾರಿಯರು.

ಸೂಪರ್‌ವೈಸರು ಕೆಮ್ಮಿದರು. "ನಂದು ಸೆನ್ಸರ್‌ನಿಂದ ದೂರ ಇದೆ."

ಅವಳು ಕ್ಯಾರಿಯರನ್ನು ಅವರ ಕೈಗಿತ್ತಳು.

"ಹೋಗಪ್ಪಾ, ನಿನ್ನ ಕುರ್ಚಿಗೆ ಹೋಗು," ಎಂದರು ಮೆಲ್ಲಗೆ. "ಲೋಡಿಂಗಲ್ಲಿ ಜನ ಸಾಕಷ್ಟಿದ್ದಾರೆ."

ಮರುದಿನ ಅಂಕಿ ಅಲುಗಾಡಲಿಲ್ಲ, ಬತ್ತಿಗಳು ಹಾಲಿನಂತೆ ಬಂದವು. ಮಧ್ಯಾಹ್ನ ಹೆಂಡತಿ ಗಾಜಿನ ಕೋಣೆಗೆ ಇಣುಕಿದಳು.

"ತಣ್ಣಗಿದೆಯೇನ್ರೀ?"

"ಅಮೃತ ಇದ್ದಂಗಿದೆ ಕಣೇ," ಎಂದ ಡಿಗ್ರಿಯಪ್ಪ, ಬಿರುಸಾದ ಅನ್ನವನ್ನು ಕಷ್ಟಪಟ್ಟು ನುಂಗುತ್ತಾ.