ತಮ್ಮನ ಎಡಗೈ

ನನ್ನ ತಮ್ಮನಿಗೆ ಎರಡು ಕೈ. ಬಲಗೈ ಅವನ ಮಾತು ಕೇಳುತ್ತದೆ. ಎಡಗೈ ಮಾತ್ರ ಇವತ್ತಿಗೂ ತೀರಿಹೋದ ನಮ್ಮಪ್ಪನ ಮಾತು ಕೇಳುತ್ತದೆ. ಅದೇ ಎಡಗೈ ಅವನ ಮಗಳ ಓಟಕ್ಕೆ ಕಲ್ಲು ಹಾಕಲು ಹೊರಟಿತ್ತು.

ನಮ್ಮದು ಬೇಕರಿ. ಹಿಂದೆ ಒಲೆ, ಮುಂದೆ ಗಾಜಿನ ಕಪಾಟು, ಕಪಾಟಿನ ಹಿಂದೆ ನಾನು. ತಮ್ಮ ಬೇಯಿಸುತ್ತಾನೆ, ನಾನು ಮಾರುತ್ತೇನೆ. ಬೈಯುವ ಕೆಲಸವೂ ನನ್ನದೇ. ತಮ್ಮನ ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸವಾದ್ದರಿಂದ ಮಗಳು ಬೆಳೆದದ್ದು ನಮ್ಮ ಮೈದಾ ಮೂಟೆಗಳ ನಡುವೆ. ಅವಳನ್ನು ನಾವು ಕಡ್ಡಿ ಎಂದೇ ಕರೆಯುವುದು. ಒಂಬತ್ತನೇ ತರಗತಿ, ಉದ್ದ ಕಾಲು, ಅದಕ್ಕಿಂತ ಉದ್ದ ನಾಲಿಗೆ. ಶಾಲೆಯ ರಿಲೇ ತಂಡದಲ್ಲಿ ಕೊನೆಯ ಸುತ್ತು ಓಡುವವಳು ಅವಳೇ.

ಒಂದು ಸಂಜೆ ಅವಳ ಕೋಚ್ ಮೇಡಂ ಅಂಗಡಿಗೆ ಬಂದರು. ಕಡ್ಡಿ ಅಭ್ಯಾಸದ ಮಧ್ಯೆ ತಲೆಸುತ್ತಿ ಮೈದಾನದಲ್ಲೇ ಕುಸಿದು ಕೂತಿದ್ದಳಂತೆ, ಅದೂ ಎರಡನೇ ಸಲ. ನನಗೆ ಗಾಬರಿ. ಗಾಬರಿಯಾದರೆ ನನಗೆ ತೋಚುವುದು ಒಂದೇ, ಒಂದು ಕ್ರೀಮ್ ಬನ್ ತೆಗೆದು ಅವರ ಮುಂದಿಟ್ಟೆ.

"ಇದೇ ನೋಡಿ, ಇದೇ!" ಎಂದು ಅವರು ಬನ್ನಿನ ಕಡೆ ಬೆರಳು ತೋರಿಸಿದರು. "ಮಧ್ಯಾಹ್ನ ಊಟ ಬಿಟ್ಟು ಇದನ್ನ ತಿಂತಾಳೆ. ಸಕ್ಕರೆ ಜೋರಾಗಿ ಏರುತ್ತೆ, ಅಷ್ಟೇ ಜೋರಾಗಿ ಇಳಿಯುತ್ತೆ. ನಾಲ್ಕು ಗಂಟೆಗೆ ಓಡು ಅಂದ್ರೆ ಕಾಲಲ್ಲಿ ಏನಿರುತ್ತೆ, ಹೇಳಿ? ಊಟ ತಪ್ಪಿಸ್ಬಾರ್ದು. ಓಟಕ್ಕೆ ಮುಂಚೆ ಕಾಳು, ಬೀಜ, ಮೊಟ್ಟೆ, ಇಂಥದ್ದು ಹಾಕಿ ಹೊಟ್ಟೇಲಿ ನಿಲ್ಲೋ ತಿಂಡಿ ಕೊಡಿ. ತಿಂಗಳ ಕೊನೆಗೆ ಆಯ್ಕೆ ಓಟ ಇದೆ. ಅಷ್ಟರಲ್ಲಿ ಸುಧಾರಿಸ್ಲಿಲ್ಲ ಅಂದ್ರೆ ಅವಳ ಜಾಗಕ್ಕೆ ಬೇರೆ ಹುಡುಗೀನ ಹಾಕ್ತೀನಿ. ನನಗೂ ಬೇಜಾರೇ, ಏನ್ಮಾಡ್ಲಿ?"

ಹೋಗುವಾಗ ಬನ್ ಅನ್ನು ಕಾಗದದಲ್ಲಿ ಸುತ್ತಿಸಿಕೊಂಡೇ ಹೋದರು. ಅದು ಬೇರೆ ಮಾತು.

ಕಡ್ಡಿ ಉಗ್ರಾಣದಲ್ಲಿ ಮೂಟೆಯ ಮೇಲೆ ಕೂತು ಅಳುತ್ತಿದ್ದಳು. "ಅತ್ತೆ, ಲೆಕ್ಕ ಬರಲ್ಲ, ಹಾಡೋಕೆ ಬರಲ್ಲ. ಓಡೋದೊಂದು ಬರ್ತಿತ್ತು. ಅದೂ ಹೋಯ್ತು" ಎಂದಳು. ಮೂಗಿನ ತುದಿಯಲ್ಲಿ ಮೈದಾ ಅಂಟಿತ್ತು. ಸೆರಗಿನ ತುದಿಯಿಂದ ಒರೆಸಿದೆ.

ತಮ್ಮ ಎದೆ ತಟ್ಟಿಕೊಂಡ. "ಬೇಕರಿಯವನ ಮಗಳಿಗೆ ಅಂಥ ತಿಂಡಿ ಹೊರಗಿಂದ ತರೋದಾ? ನಾನಿನ್ನೂ ಸತ್ತಿಲ್ಲ!"

ಮೊದಲ ದಿನ ಸೋಯಾ ಹಿಟ್ಟಿನಲ್ಲಿ ಏನೋ ಮಾಡಿದ. ಕಡ್ಡಿ ಅದನ್ನು ಮೇಜಿಗೆ ಕುಟ್ಟಿದಳು. ಮೇಜಿಗೆ ಗೀರು ಬಿತ್ತು. "ಅಪ್ಪಾ, ಇದು ತಿನ್ನೋಕಾ, ಕಾಂಪೌಂಡ್ ಕಟ್ಟೋಕಾ?" ಮರುದಿನದ್ದು ಒಲೆಯಿಂದ ಹೊರಬರುತ್ತಲೇ ಪುಡಿಯಾಗಿ ಚಮಚ ಕೇಳಿತು. ಅದರ ಮರುದಿನದ್ದನ್ನು ಬೀದಿನಾಯಿ ಮೂಸಿ, ನನ್ನ ಮುಖ ನೋಡಿ, ಎದುರು ಅಂಗಡಿಗೆ ಹೋಯಿತು. ನನಗೆ ಆದ ಅವಮಾನ ಅಷ್ಟಿಷ್ಟಲ್ಲ.

ಕೊನೆಗೆ ಹುರಿದ ಕಡಲೆಕಾಯಿ ಬೀಜ, ಎಳ್ಳು, ಓಟ್ಸ್, ಕಡಲೆಹಿಟ್ಟು, ಮೊಟ್ಟೆ ಎಲ್ಲ ಕಲಸಿ, ಟ್ರೇಗೆ ಒತ್ತಿ, ಬೇಯಿಸಿ, ಬೆರಳುದ್ದದ ತುಂಡು ಮಾಡಿದ. ಅಬ್ಬಾ, ಏನು ರುಚಿ! ಕಡ್ಡಿ ಡಬ್ಬಿ ತುಂಬಿಸಿಕೊಂಡು ಹೋದಳು, ತಂಡದ ಹುಡುಗಿಯರೆಲ್ಲ ಮುಗಿಬಿದ್ದು ತಿಂದರು. ತಮ್ಮನ ಕಾಲು ನೆಲದ ಮೇಲಿರಲಿಲ್ಲ.

ಆದರೂ ಸಂಜೆ ಐದಕ್ಕೆ ಕಡ್ಡಿ ಜೋಲುಮುಖ ಹಾಕಿಕೊಂಡೇ ಬರುತ್ತಿದ್ದಳು. ಊಟ ಸರಿಯಾಗಿ ಮಾಡುತ್ತಿದ್ದಳು, ಬನ್ ಮುಟ್ಟುತ್ತಿರಲಿಲ್ಲ. ಆದರೂ ಓಟದ ಅರ್ಧಕ್ಕೇ ಕಾಲು ಸೋಲುತ್ತಿತ್ತು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದೆ.

"ಲೋ, ಇದು ಸಿಹಿ ಇದೆ."

"ಕಡಲೆಕಾಯಿ ಬೀಜ ಹುರಿದ್ರೆ ಸಿಹಿ ಬಿಡುತ್ತೆ ಅಕ್ಕ. ನೀನು ಮಾರೋಳು, ನಿನಗೇನು ಗೊತ್ತು?"

"ಸಕ್ಕರೆ ಹಾಕಿದೀಯಾ?"

"ತಕ್ಕಡೀಲಿ ಒಂದು ಹರಳೂ ತೂಗಿಲ್ಲ. ಕಡ್ಡಿ ಮೇಲಾಣೆ!"

ಮಗಳ ಮೇಲೆ ಅವನು ಸುಳ್ಳಾಣೆ ಇಡುವವನಲ್ಲ. ಹಾಗಾಗಿ ನಾನು ಮಾರನೇ ಬೆಳಿಗ್ಗೆ ಒಲೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ತಮ್ಮ ಬಲಗೈಯಲ್ಲಿ ಕಲಸುತ್ತಿದ್ದ. ಹಿಟ್ಟು ಪಾತ್ರೆಯ ಅಂಚು ಬಿಟ್ಟು ಉಂಡೆ ಕಟ್ಟಿತು. ಕಟ್ಟಿದ್ದೇ ತಡ, ಎಡಗೈ ತಾನಾಗಿ ಪಕ್ಕದ ಡಬ್ಬಿಗೆ ಹೋಯಿತು, ಒಂದು ಹಿಡಿ ಸಕ್ಕರೆ ಎತ್ತಿತು, ಎಸೆಯಿತು, ಏನೂ ಅರಿಯದಂತೆ ಸೊಂಟದ ಮೇಲೆ ಕೂತಿತು. ತಮ್ಮ ಅತ್ತ ನೋಡಲೂ ಇಲ್ಲ. ಅವನ ಹಿಡಿ ಎಂದರೆ ಒಂದು ಬಟ್ಟಲು!

ಆಗ ನನಗೆ ತಿಳಿಯಿತು. ಇದು ನಮ್ಮಪ್ಪ ಹಾಕಿಕೊಟ್ಟ ಪಾಠ. ಎಲ್ಲ ತೂಕ ಮುಗಿದ ಮೇಲೆ, ಉಂಡೆ ಕಟ್ಟಿದಾಗ, ತೂಗದೆ ಒಂದು ಹಿಡಿ. "ತೂಕದ್ದು ಅಂಗಡೀದು, ಹಿಡಿಯದ್ದು ತಿನ್ನೋರಿಗೆ" ಎನ್ನುತ್ತಿದ್ದರು. ಹತ್ತು ವರ್ಷದ ಹುಡುಗನಾಗಿದ್ದಾಗಿಂದ ತಮ್ಮ ಹಾಕುತ್ತಿದ್ದ ಆ ಹಿಡಿ ಅವನ ಪಾಲಿಗೆ ಸಕ್ಕರೆಯೇ ಅಲ್ಲ. ಉಸಿರಾಡಿದೆಯಾ ಎಂದು ಯಾರಾದರೂ ಲೆಕ್ಕ ಇಡುತ್ತಾರೆಯೇ?

ಹೇಳಿದರೆ ಒಪ್ಪುತ್ತಾನಾ? ಹೇಳಿ ನೋಡಿದೆ. "ನಾನಾ? ನನ್ನ ಕೈಯಾ?" ಎಂದು ನನ್ನ ಮೇಲೇ ಹರಿಹಾಯ್ದ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇರಲಿ ಮಗನೇ ಎಂದುಕೊಂಡೆ. ಆಯ್ಕೆ ಓಟದ ದಿನ ಬೆಳಿಗ್ಗೆ, ಅವನು ಬರುವ ಮೊದಲೇ, ಸಕ್ಕರೆ ಡಬ್ಬಿ ಎತ್ತಿಟ್ಟು ಅದೇ ಜಾಗದಲ್ಲಿ ಪುಡಿ ಉಪ್ಪಿನ ಡಬ್ಬಿ ಇಟ್ಟೆ.

ಟ್ರೇ ಹೊರಬಂತು. ಘಮ್ಮೆನ್ನುತ್ತಿತ್ತು. ತಮ್ಮ ಒಂದು ತುಂಡು ಮುರಿದು ಬಾಯಿಗಿಟ್ಟ. ಅವನ ಹುಬ್ಬು ಹಣೆ ದಾಟಿ ಕೂದಲು ಸೇರಿತು.

"ಯಾರೇ ಇದಕ್ಕೆ ಉಪ್ಪು ಸುರಿದೋರು!"

"ನೀನೇ ಕಣೋ. ಎಡಗೈ ನೋಡ್ಕೋ."

ಬೆರಳ ಸಂದಿಯಲ್ಲೆಲ್ಲ ಉಪ್ಪು. ಅವನು ಆ ಕೈಯನ್ನು ಪರರ ಕೈಯಂತೆ ತಿರುಗಿಸಿ ತಿರುಗಿಸಿ ನೋಡಿದ. ನಾನು ತಂಬಿಗೆ ಮುಂದೆ ಹಿಡಿದೆ. "ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿ."

ಅವನು ಕುಡಿಯಲಿಲ್ಲ. ಸ್ಟೂಲಿನ ಮೇಲೆ ಕುಸಿದ. "ಅಂದ್ರೆ ಇಷ್ಟು ದಿನ ಅವಳನ್ನ ಬೀಳಿಸ್ತಿದ್ದೋನು ನಾನೇನಾ ಅಕ್ಕ?" ಎಂದ. ಗೆದ್ದ ಖುಷಿಯೆಲ್ಲ ಆ ಒಂದು ಮಾತಿಗೆ ನನ್ನಿಂದ ಇಳಿದುಹೋಯಿತು.

ಕೂತು ಅಳಲು ಹೊತ್ತಿರಲಿಲ್ಲ. ಇನ್ನೊಂದು ಟ್ರೇ ಕಲಸಲು ಹಚ್ಚಿದೆ. ಡಬ್ಬಿಗಳನ್ನೆಲ್ಲ ಎತ್ತಿಟ್ಟೆ. ಉಂಡೆ ಕಟ್ಟಿತು, ಎಡಗೈ ಹೊರಟಿತು, ಸಕ್ಕರೆ ಸಿಗದೆ ತಡಕಾಡಿ, ಕಿಟಕಿಯಲ್ಲಿದ್ದ ಕೇಕಿನ ಮೇಲೆ ಉದುರಿಸುವ ಬಣ್ಣದ ಸಕ್ಕರೆ ಕಾಳು ಹಿಡಿದು ಎಸೆಯಿತು! ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. "ಕಟ್ಟಿಹಾಕ್ತೀನಿ ಆ ಕೈನ!" ಎಂದು ನಾನು ಹಗ್ಗ ಹುಡುಕುತ್ತಿದ್ದೆ.

ಓಟದ ಬೂಟು ಹಾಕಿಕೊಂಡು ಬಂದ ಕಡ್ಡಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಸೀದಾ ಬಂದು ಅಪ್ಪನ ಎಡಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ಕಲಸಪ್ಪಾ."

ಅವನು ಹೊಸದಾಗಿ ಒಂದೇ ಕೈಯಲ್ಲಿ ಕಲಸಿದ. ಉಂಡೆ ಕಟ್ಟಿದಾಗ ಕೈ ಎಗರಿತು. ಅವಳು ಗಟ್ಟಿಯಾಗಿ ಹಿಡಿದಳು. "ಸಿಹಿ ಇಲ್ಲದ್ದನ್ನ ನಿನಗೆ ಹೆಂಗೆ ಕೊಡ್ಲಿ ಪುಟ್ಟಾ? ಏನೂ ಕೊಟ್ಟಂಗೇ ಅನ್ಸಲ್ಲ" ಎಂದ. ಅವನ ಕಣ್ಣು ತುಂಬಿತ್ತು. ಎಳೆಗೂಸಾಗಿದ್ದಾಗ ಅವಳು ಅತ್ತರೆ ಆ ಮುಷ್ಟಿ ಬಿಚ್ಚಿ ಸಕ್ಕರೆ ನೆಕ್ಕಿಸುತ್ತಿದ್ದವನು ಅವನು.

ಸಕ್ಕರೆ ಬೀಳದ ಆ ತುಂಡುಗಳನ್ನು ಕಡ್ಡಿಯ ಡಬ್ಬಿಗೆ ತುಂಬಿ ಕಳಿಸಿ, ಅವತ್ತು ಅಂಗಡಿಗೆ ಬೀಗ ಹಾಕಿ ಇಬ್ಬರೂ ಮೈದಾನಕ್ಕೆ ಹೋದೆವು. ಕಡ್ಡಿಯ ಕೈಗೆ ರಿಲೇ ಕೋಲು ಸಿಕ್ಕಾಗ ಅವಳು ಮೂರನೆಯವಳು. ಅರ್ಧ ಸುತ್ತು ಬಂತು. ಅಲ್ಲೇ ತಾನೇ ಕಾಲು ಸೋಲುತ್ತಿದ್ದದ್ದು? ನಾನು ಕಣ್ಣು ಮುಚ್ಚಿಕೊಂಡೆ. ತಮ್ಮ ನನ್ನ ಭುಜ ಅಲುಗಾಡಿಸುತ್ತ "ನೋಡಕ್ಕ, ನೋಡೇ!" ಎಂದು ಕಿರುಚಿದ. ನೋಡಿದೆ. ಕಾಲು ಸೋತಿರಲಿಲ್ಲ. ಒಬ್ಬಳನ್ನು ದಾಟಿ ಎರಡನೆಯವಳಾಗಿ ಗೆರೆ ಮುಟ್ಟಿದಳು. ಕೋಚ್ ಮೇಡಂ ದೂರದಿಂದಲೇ ನಮ್ಮ ಕಡೆ ಹೆಬ್ಬೆರಳು ಎತ್ತಿದರು. ಜಾಗ ಉಳಿಯಿತು.

ಕಡ್ಡಿ ಏದುಸಿರು ಬಿಡುತ್ತ ನಮ್ಮ ಹತ್ತಿರ ಬಂದಳು. ತಮ್ಮನ ಎಡಗೈ ಎದ್ದಿತು, ಮುಷ್ಟಿ ಬಿಗಿದೇ ಮುಂದೆ ಚಾಚಿಕೊಂಡಿತು. ನಾನು ಅಡ್ಡ ನುಗ್ಗಿದೆ.

"ಲೋ! ಅದರಲ್ಲಿ ಸಕ್ಕರೆ ಇದ್ರೆ ನಿನ್ನ ಗತಿ ನೋಡು!"

ಅವನು ನಾಚುತ್ತ ಮುಷ್ಟಿ ಬಿಚ್ಚಿದ. ಒಳಗೆ ಏನೂ ಇರಲಿಲ್ಲ.

"ಬರಿಗೈಲಿ ಬಂದೆ ಪುಟ್ಟಾ."

ಕಡ್ಡಿ ಬೆವರಿದ ತನ್ನ ಕೈಯನ್ನು ಆ ಖಾಲಿ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿ ಮುಚ್ಚಿದಳು. ಮನೆಯವರೆಗೂ ಆ ಕೈ ಬಿಡಲಿಲ್ಲ.