ಹಿಡಿದು ಬಿಡುವ ಕೆಲಸ

ದೇಶದಲ್ಲಿ ಯಾರ್ಯಾರು ಹೊಟ್ಟೆಪಾಡಿಗೆ ಮೀನು ಹಿಡೀತಾರೆ, ಯಾರ್ಯಾರು ಖುಷಿಗೆ ಹಿಡೀತಾರೆ ಅಂತ ಸರ್ಕಾರಕ್ಕೆ ತಿಳಿಯಬೇಕಿತ್ತು. ಹಾಗಾಗಿ ಸರ್ವೆಯ ಅಶ್ವಿನಿ ತಾವರೆಕೆರೆಯಲ್ಲಿ ಮನೆಮನೆ ಸುತ್ತುತ್ತಾ ನಂದೀಶ್ವರಯ್ಯನವರ ಜಗಲಿಗೂ ಬಂದಳು.

"ನಿಮ್ಮನೇಲಿ ಯಾರಾದ್ರೂ ಮೀನು ಹಿಡೀತಾರಾ ಅಮ್ಮ?"

"ನಾವು ಲಿಂಗ ಕಟ್ಟಿದೋರು ಕಣಮ್ಮ," ಎಂದರು ಅವರ ಹೆಂಡತಿ ಶಿವರುದ್ರಮ್ಮ. "ಅದರ ಹೆಸರು ಹೇಳಿದ್ರೂ ಬಾಯಿ ತೊಳ್ಕೋಬೇಕು."

ಹಿಂದೆ ನಿಂತಿದ್ದ ನಂದೀಶ್ವರಯ್ಯ ಬೇಡ ಬೇಡ ಅಂತ ಅಶ್ವಿನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಶುಗರ್‌ಗೆ ವಾಕಿಂಗ್ ಅಂತ ದಿನಾ ಸಂಜೆ ಹೊರಡುತ್ತಿದ್ದ ಅವರಿಗೆ ಕೆರೆ ಏರಿಯ ಆ ಸುಖ ತಪ್ಪಿಹೋಗುವ ಭಯ. ಅಶ್ವಿನಿಗೆ ಸನ್ನೆ ಅರ್ಥವಾಗಲಿಲ್ಲ.

"ನಿನ್ನೆ ಏರಿ ಮೇಲೆ ಗಾಳ ಹಾಕ್ಕೊಂಡು ಕೂತಿದ್ದೋರು ನೀವೇ ಅಲ್ವಾ ಯಜಮಾನ್ರೇ?"

ಶಿವರುದ್ರಮ್ಮ ತಿರುಗಿದರು. "ಏನ್ರೀ ಇದು?"

"ಹಿಡಿದು ಬುಟ್ಬುಡ್ತೀನಿ ಕಣೇ. ಒಂದನ್ನೂ ಸಾಯಿಸಿಲ್ಲ."

"ಗಾಳಕ್ಕೆ ಹುಳ ಚುಚ್ತೀರಾ?"

"ಶಿವ ಶಿವಾ! ಹುಳ ಯಾಕೆ, ಮುದ್ದೆ ಚುಚ್ತೀನಿ."

"ಯಾವ ಮುದ್ದೆ?"

"ನೀನು ಮಧ್ಯಾಹ್ನ ಮಾಡೋದೇ. ಒಂದು ತುಣುಕು ಜೇಬಲ್ಲಿ ಇಟ್ಕೊಂಡು ಹೋಗ್ತೀನಿ."

ಆ ಮುದ್ದೆಯನ್ನು ಮನೆಯಲ್ಲಿ ಯಾರೂ ಹೊಗಳಿದ್ದಿಲ್ಲ. ಗಂಟಿದೆ ಅಂತ ಸೊಸೆ ದಿನಾ ಅರ್ಧ ಬಿಟ್ಟು ಏಳುತ್ತಿದ್ದಳು.

"ತಿಂತಾವಾ?"

"ಓಡೋಡಿ ಬತ್ತಾವೆ! ಪಕ್ಕದಲ್ಲಿ ಜಯರಾಮಯ್ಯ ಮೈದಾ ಹಿಟ್ಟು ಹಾಕ್ಕೊಂಡು ಸುಮ್ನೆ ಕೂತಿರ್ತಾನೆ, ಅತ್ತ ಕಡೆ ಒಂದೂ ತಿರುಗಿ ನೋಡಲ್ಲ."

ಶಿವರುದ್ರಮ್ಮ ಸೆರಗು ಸರಿಮಾಡಿಕೊಂಡು ಅಶ್ವಿನಿಯತ್ತ ತಿರುಗಿದರು.

"ಬರ್ಕೋ ಕಣಮ್ಮ. ಹಿಡಿಯೋರು ಅವರು. ಅವಕ್ಕೆ ಊಟಕ್ಕಿಕ್ಕೋಳು ನಾನು."