ಕಿವಿಯ ಕಚ್ಚು

“ಬಾಲಕ್ಕೆ ಸೋಪು ಹಚ್ಚೇ ಅಂದ್ರೆ ಬೆನ್ನು ಸವರ್ತಾ ಕೂತಿದ್ದೀಯಲ್ಲೇ ಮುಂಡೇದೆ. ಗಂಡನ ಬೆನ್ನು ಅಂದ್ಕೊಂಡ್ಯಾ?”

ಧಣಿಗಳು ಬೈದದ್ದು ನನ್ನ ಅತ್ತಿಗೆಯನ್ನು. ಅವರ ತಮ್ಮ ನಕ್ಕರು. ಹಾಲಿನ ಬಕೆಟ್ಟು ತೊಳೆಯುತ್ತಿದ್ದ ನನ್ನಣ್ಣ, ಆ ಗಂಡ, ತಾನೂ ನಕ್ಕ. ನಾನು ಸಗಣಿ ಬಾಚುತ್ತಿದ್ದೆ. ಅತ್ತಿಗೆ ಕರುವಿನ ಬಾಲಕ್ಕೆ ಸೋಪು ಹಚ್ಚಿದಳು. ಮರುದಿನ ದನಗಳ ಪ್ರದರ್ಶನವಿತ್ತು.

ಆ ಕರು ಹುಟ್ಟಿದಾಗ ಹಿಂಗಾಲು ಸೊಟ್ಟಗಿತ್ತು. ಧಣಿಗಳು ಅದನ್ನು ಕಾಲಲ್ಲೇ ಹೊರಳಿಸಿ ನೋಡಿ, ಅತ್ತಿಗೆಗೆ “ಈ ವರ್ಷದ ನಿಮ್ಮ ಕರು ಇದೇ, ಎತ್ಕೊಂಡ್ಹೋಗು” ಎಂದಿದ್ದರು. ವರ್ಷವಿಡೀ ದುಡಿದ ಆಳುಮನೆಗೆ ಒಂದು ಕರು ಎನ್ನುವುದು ಆ ಕೊಟ್ಟಿಗೆಯ ಕರಾರು. ಕೊಟ್ಟ ಕರುವಿನ ಎಡಗಿವಿಯ ತುದಿ ಕತ್ತರಿಸಿ ಕಚ್ಚು ಹಾಕಬೇಕು. ಕಚ್ಚು ಇದ್ದರೆ ಆಳಿನದು, ಇಲ್ಲದಿದ್ದರೆ ಧಣಿಯದು. ಅತ್ತಿಗೆ ಹಾಕಲಿಲ್ಲ. “ಇವತ್ತೋ ನಾಳೆಯೋ ಅನ್ನೋ ಜೀವ. ಸಾಯೋದರ ಕಿವಿ ಯಾಕೆ ಕೊಯ್ಯಲಿ?” ಎಂದಳು. ಕಾಲಿಗೆ ದಬ್ಬೆ ಕಟ್ಟಿದಳು, ಎಣ್ಣೆ ತಿಕ್ಕಿದಳು, ತನ್ನ ಮಗುವನ್ನು ನನ್ನ ಸೊಂಟಕ್ಕೇರಿಸಿ ಕರುವನ್ನು ಮಡಿಲಿಗೆಳೆದುಕೊಂಡಳು. ಕುಂಟಿ ಎಂದು ಕರೆದಳು. ಕುಂಟಿ ಎದ್ದಿತು, ನಡೆಯಿತು, ಬೆಳೆಯಿತು. ಆಮೇಲೂ ಅದರ ಕಿವಿ ಕೊಯ್ಯಲು ಅವಳಿಗೆ ಮನಸ್ಸಾಗಲಿಲ್ಲ. ಬೆಳೆದಂತೆ ಧಣಿಗಳ ಕಣ್ಣಿಗೆ ಬಿತ್ತು. ಈಗ ಅದರ ಹೆಸರು ರಾಣಿ.

“ಗೆದ್ದ ಕೂಡಲೇ ಮಾರಿಬಿಡೋಣ ಅಣ್ಣ,” ಎಂದರು ಧಣಿಗಳ ತಮ್ಮ. “ಕೇಳೋರು ಇದ್ದಾಗ ಕೊಟ್ಬಿಡ್ಬೇಕು. ನಾಳೆ ಕೆಚ್ಚಲು ಬಾವು ಬಂದ್ರೆ ಯಾರು ಮೂಸಿ ನೋಡ್ತಾರೆ?”

“ಬಿತ್ತನೆ ಕಾಳು ಹುರ್ಕೊಂಡು ತಿನ್ನೋ ಮಾತಾಡ್ಬೇಡ್ವೋ. ಒಳ್ಳೇದೆಲ್ಲ ಮಾರಿ ಗೊಡ್ಡು ಕಟ್ಕೊಂಡ್ರೆ ತಳಿ ಉಳಿಯುತ್ತಾ?”

ಅತ್ತಿಗೆ ತಲೆಯೆತ್ತಿದಳು. “ಮಾರೋದು ಇಟ್ಕೊಳ್ಳೋದು ನೀವೇ ಮಾತಾಡ್ಕೊಂತೀರಲ್ಲ ಧಣಿ. ಅದು ನಂದು.”

“ನಾನು ಕೊಟ್ಟಿದ್ದು ಕುಂಟ ಕರು ಕಣೇ. ಇದು ಎಲ್ಲಿ ಕುಂಟುತ್ತೆ, ತೋರ್ಸು.”

“ಕಿವಿ ನೋಡ್ಕೊಳ್ಳೇ,” ಎಂದರು ತಮ್ಮ. “ಯಾರದು ಅಂತ ಅದೇ ಹೇಳುತ್ತೆ.”

ಅಣ್ಣ ಓಡಿಬಂದು ಅವಳ ರಟ್ಟೆ ಹಿಡಿದ. “ಬಿಡೇ, ಬೇರೆ ಯಾವುದಾದ್ರೂ ಕೊಡ್ತಾರೆ. ಉಪ್ಪು ತಿಂದ ಮನೆ.”

“ನೀನು ತಿಂದಿರ್ಬೋದು. ನಂಗೆ ಸಪ್ಪೆನೇ ಸಿಕ್ಕಿದ್ದು.”

ಬಾಲದ ಕೂದಲು ಸಮ ಮಾಡುವ ಕತ್ತರಿ ಅವಳ ಪಕ್ಕದಲ್ಲೇ ಇತ್ತು. ಕರುವಿನ ಹಣೆ ಸವರಿದಳು. ಅದು ಕಣ್ಣು ಮುಚ್ಚಿ ಅವಳ ತೋಳಿಗೆ ಒರಗಿತು. ಕತ್ತರಿ ಕಚಕ್ಕೆಂದಿತು. ಕರು ಒಮ್ಮೆ ಅರಚಿತು. ಸೋಪಿನ ನೊರೆ ಕೆಂಪಾಯಿತು.

“ನಿಮ್ಮ ಕರಾರೇ ಧಣಿ,” ಎಂದಳು. “ಕಚ್ಚು ಇದ್ರೆ ಆಳಿಂದು.”

ಧಣಿಗಳು ಅವಳ ಕೆನ್ನೆಗೆ ಬಾರಿಸಿದರು. ಕಿವಿ ಕೊಯ್ದ ಕರುವನ್ನು ಪ್ರದರ್ಶನದ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ. ತಲೆಯ ಮೇಲೆ ಕೈಹೊತ್ತು ನಿಂತರು ಧಣಿಗಳ ತಮ್ಮ. ಆದರೆ ಧಣಿಗಳು ಕರುವಿನ ಸುತ್ತ ಒಂದು ಸುತ್ತು ಬಂದರು. ಸೊಂಟ ಮುಟ್ಟಿ ನೋಡಿದರು. ನಿಧಾನವಾಗಿ ಅವರ ಮುಖ ತಿಳಿಯಾಯಿತು.

“ಕಚ್ಚು ಕಿವಿಗೆ ತಾನೇ, ಗರ್ಭಕ್ಕಲ್ಲವಲ್ಲ. ಮಾರೋ ಮಾತೇ ಬೇಡ, ಇಟ್ಕೋತೀನಿ. ಇದರ ಹೊಟ್ಟೇಲಿ ಹುಟ್ಟೋದರ ಕಿವಿ ನೆಟ್ಟಗೇ ಇರುತ್ತೆ. ಹಗ್ಗ ಕೊಡೇ ಬೋಸುಡಿ.”

ಅತ್ತಿಗೆ ಕರುವಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಒದ್ದೆ ನೆಲದ ಮೇಲೆ ಕೂತುಬಿಟ್ಟಳು.

ನಾನು ಸಗಣಿ ಪುಟ್ಟಿ ಕೆಳಗಿಟ್ಟು ಅವಳ ಮಗ್ಗುಲಲ್ಲಿ ಕೂತೆ. ಹುಲ್ಲು ಕತ್ತರಿಸುವ ಮುದುಕ ಬಂದು ಕೂತ. ಅಣ್ಣ ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ತೊಳೆದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ.

“ಹಾಲು ಕರೆಯೋ ಹೊತ್ತಾಯ್ತು, ಏಳ್ರೋ,” ಎಂದು ತಮ್ಮ ಕೂಗಿದರು. ಯಾರೂ ಏಳಲಿಲ್ಲ. ಸಾಲಿನ ಕೊನೆಯ ಹಸು ಮೊದಲು ಕೂಗಿತು, ಮತ್ತೊಂದು, ಮಗದೊಂದು. ಕೊಟ್ಟಿಗೆಗೆ ಕೊಟ್ಟಿಗೆಯೇ ಕೂಗಿತು. ಬಿಗಿದ ಕೆಚ್ಚಲುಗಳಿಂದ ಹಾಲು ತಾನಾಗಿ ತೊಟ್ಟಿಕ್ಕಿ ಗಂಜಲದ ಕಾಲುವೆಗೆ ಇಳಿಯತೊಡಗಿತು.